ಅಕ್ಕನ ಡಬ್ಬಿಗೆ ಕೂರುವ ಪಟ್ಟಿ

ಜೂನ್ 9, ಸೋಮವಾರ

ಇವತ್ತು ಉಪವಾಸ. ನೀರು ಬಿಟ್ಟು ಬೇರೇನೂ ಮುಟ್ಟಿಲ್ಲ. ಬೆಳಿಗ್ಗೆ ಎದ್ದು ನೆಲ ಒರೆಸಿ, ನೀರು ತುಂಬಿಸಿಟ್ಟು, ದೀಪ ಹಚ್ಚಿ, ಅಕ್ಕನ ಮೈ ಒರೆಸಿ ಮಗ್ಗುಲು ಬದಲಾಯಿಸಿದೆ. ಉಸಿರಿನ ಮುಖವಾಡದ ಅಂಚು ಅವಳ ಮೂಗಿನ ಮೇಲೆ ಗಾಯ ಮಾಡಿದೆ. ಮೆತ್ತನೆಯ ಹಳೇ ಬಟ್ಟೆ ಕತ್ತರಿಸಿ ಅಂಚಿಗೆ ಒಳಗಿನಿಂದ ಹೊಲಿದೆ. ಹೊಲಿಯುವಾಗ ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳಲ್ಲಿ ಈಗ ಅಲ್ಲಾಡುವುದು ಕಣ್ಣು ಮಾತ್ರ.

ಹೊಲಿಗೆ ಗಿರಾಕಿಗಳ ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಇದನ್ನು ಬರೆಯುತ್ತಿದ್ದೇನೆ. ಗಂಡ ಹೋದ ಮೇಲೆ ನನಗೆ ಮಾತಿಗೆ ಇದ್ದವಳು ಅಕ್ಕ ಒಬ್ಬಳೇ. ಶನಿವಾರದಿಂದ ಅದೂ ಇಲ್ಲ.

ಮೂರು ವರ್ಷದ ಹಿಂದೆ ಸ್ನಾಯು ಸೋಲುವ ಕಾಯಿಲೆಯಲ್ಲಿ ಅವಳ ಮಾತು ನಿಂತುಹೋದಾಗ ಆಸ್ಪತ್ರೆಯವರು ಒಂದು ಕ್ಯಾಮೆರಾ ಕೊಟ್ಟಿದ್ದರು. ಕಂಪ್ಯೂಟರ್ ಪರದೆಯ ಕೆಳಗೆ ಕೂರುತ್ತದೆ. ಪರದೆಯ ಮೇಲಿನ ಅಕ್ಷರವನ್ನು ಅಕ್ಕ ದಿಟ್ಟಿಸಿ ನೋಡಿದರೆ ಆ ಅಕ್ಷರ ಸಾಲಿನಲ್ಲಿ ಬಂದು ಬೀಳುತ್ತದೆ. ಅವಳು ಒಂದು ಸಾಲು ಮುಗಿಸುವಷ್ಟರಲ್ಲಿ ನಾನು ಒಂದು ಕಾಲರ್ ಕೂರಿಸಿಬಿಡುತ್ತೇನೆ. ಅಕ್ಕ ಅಚ್ಚುಕೂಟದಲ್ಲಿ ಇಪ್ಪತ್ತೆಂಟು ವರ್ಷ ಪ್ರೂಫ್ ನೋಡಿದವಳು. ನೀರು ಬೇಕು ಅಂತ ಬರೆದರೂ ಕೊನೆಗೆ ಪೂರ್ಣವಿರಾಮ ಇಡದೆ ಬಿಡುವವಳಲ್ಲ.

ಶನಿವಾರ ಕರೆಂಟು ಒಮ್ಮೆಲೇ ಜಾಸ್ತಿ ಬಂದು ಕಂಪ್ಯೂಟರಿನ ಡಬ್ಬಿಯಿಂದ ಸುಟ್ಟ ವಾಸನೆ ಹೊಡೆಯಿತು. ಆಗ ಪರದೆಯ ಮೇಲೆ ಇದ್ದದ್ದು ಇಷ್ಟು: ಡಾಕ್ಟರಿಗೆ ಹೇಳು, ನಾನು ಯೋಚನೆ ಮಾಡಿ

ಅಷ್ಟೇ. ಮುಂದೆ ಕಪ್ಪು.

ಎದೆಯ ಸ್ನಾಯುಗಳು ಸೋತಿವೆ, ಇನ್ನು ಈ ಮುಖವಾಡ ಸಾಲುವುದಿಲ್ಲ ಎಂದು ಡಾಕ್ಟರಮ್ಮ ಹೇಳಿ ಹದಿನೈದು ದಿನವಾಯಿತು. ಗಂಟಲಿಗೆ ತೂತು ಮಾಡಿ ಮೆಷಿನ್ನಿನಿಂದ ಉಸಿರಾಡಿಸಬೇಕು. ಇಲ್ಲವೆಂದರೆ ನೋವಾಗದ ಹಾಗೆ ಔಷಧಿ ಕೊಟ್ಟು ಸುಮ್ಮನಾಗಬೇಕು. ಇವೆರಡರಲ್ಲಿ ಯಾವುದು ಎಂದು ಅಕ್ಕನೇ ಹೇಳಬೇಕಂತೆ. ಹತ್ತೊಂಬತ್ತನೇ ತಾರೀಖು ನರ್ಸ್ ಮನೆಗೆ ಬಂದು ಬರೆದುಕೊಂಡು ಹೋಗುತ್ತಾರೆ. ಅವಳಿಂದ ಉತ್ತರ ಬರದಿದ್ದರೆ ಸಹಿ ನನ್ನದು.

ನನ್ನ ಸಹಿಯಾದರೆ ಅದರಲ್ಲಿ ಯೋಚಿಸುವುದೇನಿದೆ? ತೂತು ಮಾಡಿ ಎನ್ನುತ್ತೇನೆ. ಆದರೆ ಅವಳೇ ಹೇಳಲಿ ಎಂದು ಡಾಕ್ಟರಮ್ಮನ ಹಟ. ಹೇಳಲಿ. ಅಕ್ಕ ಬೇಡ ಅನ್ನುವವಳಲ್ಲ, ನನಗೆ ಗೊತ್ತು. ಅವಳ ಬಾಯಿಂದ ಆ ಮಾತು ಬರಲಿ ಎಂದೇ ಈ ಉಪವಾಸ.

ಜೂನ್ 10, ಮಂಗಳವಾರ

ಬೆಳಿಗ್ಗೆ ರಟ್ಟಿನ ಮೇಲೆ ಅಕ್ಷರಮಾಲೆ ಬರೆದು ಅಕ್ಕನ ಮುಂದೆ ಹಿಡಿದೆ. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟುಕೊಂಡು ಹೋಗುವುದು, ಬೇಕಾದ್ದು ಬಂದಾಗ ಅವಳು ಮೇಲೆ ನೋಡುವುದು. 'ನಾ' ಬಂತು. "ನಾನು ಬದುಕಬೇಕು ಅಂತ ತಾನೇ ಅಕ್ಕ?" ಎಂದೆ. ಕಣ್ಣು ಮುಚ್ಚಿಕೊಂಡಳು. ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ 'ನಿ' ಬಂತು. "ನಿನ್ನಿಷ್ಟ ಅಂತೀಯಾ?" ಅಂದೆ. ಮತ್ತೆ ಕಣ್ಣು ಮುಚ್ಚಿದಳು. ಆಮೇಲೆ ತೆರೆಯಲೇ ಇಲ್ಲ. ಪಾಪ, ಬೇಗ ದಣಿಯುತ್ತಾಳೆ.

ಕೆಳಗಿನ ಮನೆಯ ಅಜ್ಜಿಯನ್ನು ಅಕ್ಕನ ಹತ್ತಿರ ಕೂರಿಸಿ, ಸುಟ್ಟ ಡಬ್ಬಿಯನ್ನು ಆಟೋದಲ್ಲಿ ಹಾಕಿಕೊಂಡು ಕಂಪ್ಯೂಟರ್ ಅಂಗಡಿಗೆ ಹೋದೆ. ದಪ್ಪ ಕನ್ನಡಕದ ಅಂಗಡಿಯವನು ಬಿಚ್ಚಿ ನೋಡಿ, ಒಳಗಿನ ಬೋರ್ಡು ಹೋಗಿದೆ, ಡಿಸ್ಕು ಉಳಿದಿದೆ ಎಂದ. ಅಕ್ಕನ ಕಣ್ಣಿನ ಪ್ರೋಗ್ರಾಮು ಇರುವುದು ಆ ಡಿಸ್ಕಿನಲ್ಲಿ. ಕೇಳಿ ಅರ್ಧ ಜೀವ ಬಂತು.

ಯಾರೋ ಹೇಳಿ ಮಾಡಿಸಿ ತೆಗೆದುಕೊಂಡು ಹೋಗದ ಒಂದು ಹೊಸ ಡಬ್ಬಿ ಅವನ ಹತ್ತಿರ ಇತ್ತು. ಬೋರ್ಡು, ಫ್ಯಾನು, ಎಲ್ಲ ಕೂರಿಸಿಟ್ಟಿದ್ದಾನೆ. ನಮ್ಮ ಡಿಸ್ಕನ್ನೂ ಅದಕ್ಕೇ ಹಾಕಿಕೊಟ್ಟ. ಇಲ್ಲದ್ದು ಒಂದೇ, ಮೆಮೊರಿ. ಬಾಚಣಿಗೆಯಷ್ಟು ಉದ್ದದ ತೆಳ್ಳನೆಯ ಪಟ್ಟಿ, ಕೆಳಗೆ ಸಾಲಾಗಿ ಚಿನ್ನದ ಬಣ್ಣದ ಹಲ್ಲು. ಅದಿಲ್ಲದೆ ಡಬ್ಬಿಗೆ ಎಚ್ಚರವೇ ಆಗುವುದಿಲ್ಲವಂತೆ. ಹಳೇ ಡಬ್ಬಿಯದನ್ನೇ ಹಾಕಿದರಾಗದೆ ಎಂದೆ. ನಕ್ಕ.

"ಅದು ಬೇರೆ ಕಾಲದ್ದಮ್ಮ. ಮೆಮೊರಿ ನನ್ನ ಹತ್ರ ಒಂದೂ ಇಲ್ಲ, ಎಲ್ಲೂ ಸಿಗ್ತಾ ಇಲ್ಲ. ನೀವೇ ಹುಡುಕಬೇಕು. ಡಿಡಿಆರ್ ಐದು, ಹದಿನಾರು ಜಿಬಿ, ಉದ್ದದ್ದು. ಲ್ಯಾಪ್‌ಟಾಪಿಂದು ಗಿಡ್ಡ ಇರುತ್ತೆ, ಅದಲ್ಲ. ಇನ್ನೊಂದು ವಿಷಯ, ಹಾಕಿದ ಮೇಲೆ ಮೊದಲನೇ ಸಲ..."

"ಗೊತ್ತಾಯ್ತು ಬಿಡಪ್ಪ. ಹದಿನಾರು, ಉದ್ದದ್ದು." ಆಟೋ ಕಾಯುತ್ತಿತ್ತು, ಅಜ್ಜಿ ಎಷ್ಟು ಹೊತ್ತು ಅಂತ ಕೂರುತ್ತಾಳೆ?

ನಾಳೆಯಿಂದ ಅವನ ಅಂಗಡಿ ಬಾಗಿಲು ಹಾಕಿರುತ್ತದೆ. ಮಗಳ ಬಾಣಂತನ, ಹತ್ತು ದಿನ ಬರುವುದಿಲ್ಲವಂತೆ. ಮರೆಯಬಾರದೆಂದು ಇಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಹದಿನಾರು. ಉದ್ದದ್ದು.

ಜೂನ್ 12, ಗುರುವಾರ

ಉಪವಾಸ ಮುಂದುವರಿಸಿದ್ದೇನೆ, ಸಂಜೆ ಒಂದು ಲೋಟ ಹಾಲು.

ಮೂರು ಅಂಗಡಿಯಲ್ಲಿ ಇಲ್ಲವೆಂದರು. ಒಬ್ಬನಂತೂ ಮೊಬೈಲಿನಿಂದ ತಲೆಯನ್ನೇ ಎತ್ತಲಿಲ್ಲ. ನಾಲ್ಕನೆಯದರಲ್ಲಿ ಕೌಂಟರಿನ ಹೆಂಗಸು, "ನಾಲ್ಕೋ, ಐದೋ?" ಎಂದು ಕೇಳಿದಳು. ಹದಿನಾರು ಎಂದೆ. "ಅದಲ್ಲಮ್ಮ, ನಾಲ್ಕೋ ಐದೋ?" ಉದ್ದದ್ದು ಎಂದೆ. ಅವಳು ಪಕ್ಕದವಳ ಮುಖ ನೋಡಿ, ಇದ್ದದ್ದೊಂದನ್ನು ತೆಗೆದುಕೊಟ್ಟಳು. ಹೊದಿಕೆಯ ಮೇಲೆ ಹದಿನಾರು ಅಂತ ಇದೆ. ಉದ್ದಕ್ಕೂ ಇದೆ. ದೇವರು ಕಣ್ಣು ಬಿಟ್ಟ ಎಂದುಕೊಂಡು ಮನೆಗೆ ಬಂದೆ.

ಡಬ್ಬಿಯ ಬಾಗಿಲು ಬಿಚ್ಚಿ ಸೀಳಿನಲ್ಲಿ ಇಟ್ಟು ಒತ್ತಿದೆ. ಕೂರಲಿಲ್ಲ. ತಿರುಗಿಸಿ ಇಟ್ಟೆ. ಆಗಲೂ ಕೂರಲಿಲ್ಲ. ಕೂದಲೆಳೆಯಷ್ಟರಲ್ಲಿ ತಡೆಯುತ್ತದೆ. ಹೊಸದು, ಬಿಗಿ ಇರಬೇಕು.

ಜೂನ್ 13, ಶುಕ್ರವಾರ

ಬೆಳಿಗ್ಗೆ ದೇವರ ಮುಂದೆ ಕೂತಾಗ ಹೊಳೆಯಿತು. ಹೊಲಿಗೆ ಮಿಷಿನ್ ಹೊಸದಾಗಿ ಬಂದಾಗ ನಾನು ಮಾಡುವ ಮೊದಲ ಕೆಲಸ ಏನು? ಎಣ್ಣೆ ಬಿಡುವುದು. ಬಿಗಿಯಾದದ್ದಕ್ಕೆಲ್ಲ ಅದೇ ಮದ್ದು. ಮಿಷಿನ್ ಎಣ್ಣೆಯ ಮೂತಿಯಿಂದ ಚಿನ್ನದ ಹಲ್ಲಿಗೆ ಎರಡು ತೊಟ್ಟು, ಸೀಳಿಗೆ ಎರಡು ತೊಟ್ಟು ಬಿಟ್ಟೆ. ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿದೆ. ಎರಡು ಹೆಬ್ಬೆರಳಿಟ್ಟು ಮೈಭಾರ ಹಾಕಿ ಒತ್ತಿದೆ.

ಕಿರ್ ಎಂದಿತು. ಕೈ ತೆಗೆದುಬಿಟ್ಟೆ.

ಅಕ್ಕ ಹಾಸಿಗೆಯಿಂದ ನೋಡುತ್ತಿದ್ದಳು. ಅವಳ ಕಣ್ಣು ನಗುತ್ತಿತ್ತೋ ಬೈಯುತ್ತಿತ್ತೋ ತಿಳಿಯಲಿಲ್ಲ. ಬೈಯುತ್ತೀಯಾ ಎಂದು ಕೇಳಿದೆ. ನೋಟ ಬೇರೆ ಕಡೆ ತಿರುಗಿಸಿದಳು.

ನರ್ಸ್ ಫೋನ್ ಮಾಡಿದ್ದರು. ಅಕ್ಕ ಕಣ್ಣು ಮುಚ್ಚಿಕೊಳ್ಳುತ್ತಾಳೆ, ಅದನ್ನೇ ಹೌದು ಅಂತ ಬರೆದುಕೊಳ್ಳಿ ಎಂದೆ. "ಅದು ಉತ್ತರ ಅಲ್ಲಮ್ಮ. ನೀವು ಕೇಳೋ ರೀತಿನೇ ಬೇಡ ಅಂತಾನೂ ಇರಬಹುದು" ಎಂದರು. ಓದಿದವರು, ಏನು ಬೇಕಾದರೂ ಹೇಳುತ್ತಾರೆ. ಒಡಹುಟ್ಟಿದವಳಿಗೆ ತಿಳಿಯದ್ದು ಇವರಿಗೆ ತಿಳಿಯುತ್ತದೆಯೇ?

ಜೂನ್ 14, ಶನಿವಾರ

ಬರೆಯಲು ಮನಸ್ಸಿಲ್ಲ. ಅಕ್ಕನ ಉಸಿರು ನಿನ್ನೆಗಿಂತ ಮೇಲಕ್ಕೆ ಬಂದಿದೆ, ಭುಜದ ಹತ್ತಿರ. ಹೊಲಿಯಲು ಕೂತರೂ ಕಿವಿ ಅಲ್ಲೇ ಇರುತ್ತದೆ. ಒಂದು ರವಿಕೆಯ ತೋಳನ್ನು ಉಲ್ಟಾ ಕೂರಿಸಿ ಮತ್ತೆ ಬಿಚ್ಚಿದೆ.

ದೇವರಿಗೆ ಬೈದೆ. ಆಮೇಲೆ ತಪ್ಪಾಯಿತು ಎಂದೆ.

ಜೂನ್ 16, ಸೋಮವಾರ

ಕೆಳಗಿನ ಅಜ್ಜಿ ಹೇಳಿದಳೆಂದು ಡಬ್ಬಿ ಎತ್ತಿಕೊಂಡು ಹಳೇ ಸಾಮಾನಿನ ಸಂದಿಗೆ ಹೋದೆ. ಅಲ್ಲೊಬ್ಬಳು ಮೊಬೈಲು, ಟಿವಿ, ಕಂಪ್ಯೂಟರು ಎಲ್ಲ ಬಿಚ್ಚುತ್ತಾಳೆ. ಕಿವಿಯ ಹಿಂದೆ ಯಾವಾಗಲೂ ಒಂದು ಸ್ಕ್ರೂಡ್ರೈವರು ಸಿಕ್ಕಿಸಿಕೊಂಡಿರುತ್ತಾಳೆ. ಸಂದಿಗೆಲ್ಲ ಅವಳು ಸ್ಕ್ರೂ ಅಮ್ಮ. ಅಂಗಡಿ ನನ್ನ ಕಟಿಂಗ್ ಮೇಜಿನಷ್ಟು ಅಗಲ ಇಲ್ಲ. ಬಿಸಿಲಿಗೆ ಮುಂದೆ ಒಂದು ಹರಕು ಪ್ಲಾಸ್ಟಿಕ್ ಇಳಿಬಿಟ್ಟಿದ್ದಾಳೆ.

ಡಬ್ಬಿಯೊಳಗೆ ಟಾರ್ಚು ಹಿಡಿದಳು. ಬೆರಳಿನಿಂದ ಮುಟ್ಟಿ, ಮೂಸಿ ನೋಡಿದಳು.

"ಇದಕ್ಕೆ ಎಣ್ಣೆ ಬಿಟ್ಟವರು ಯಾರು?"

"ನಾನೇ."

"ಯಾವ ಎಣ್ಣೆ?"

"ಹೊಲಿಗೆ ಮಿಷಿನ್ದು."

ನನ್ನ ಮುಖವನ್ನೇ ನೋಡಿದಳು. "ಸದ್ಯ, ಒಗ್ಗರಣೆ ಹಾಕ್ಲಿಲ್ವಲ್ಲ."

ನನಗೆ ಅಳು ಬಂತು. ಅವಳು ಸ್ಟೂಲು ಎಳೆದು ಕೂರಿಸಿ, ಯಾರಿಗೆ ಈ ಡಬ್ಬಿ ಎಂದು ಕೇಳಿದಳು. ಅಕ್ಕನ ವಿಷಯ ಎಲ್ಲ ಹೇಳಿದೆ. ಹತ್ತೊಂಬತ್ತನೇ ತಾರೀಖಿನದೂ ಹೇಳಿದೆ. ಆಮೇಲೆ ಅವಳು ತಮಾಷೆ ಮಾಡಲಿಲ್ಲ.

ನನ್ನ ಪಟ್ಟಿಯನ್ನೂ ಅವಳ ಹತ್ತಿರ ಇದ್ದ ಕೆಟ್ಟುಹೋದ ಇನ್ನೊಂದನ್ನೂ ಅಕ್ಕಪಕ್ಕ ಇಟ್ಟು ತೋರಿಸಿದಳು. ಉದ್ದ ಒಂದೇ. ಹಲ್ಲುಗಳ ನಡುವೆ ಒಂದು ಕಚ್ಚು ಇದೆ, ಅದು ಮಾತ್ರ ಒಂದರಲ್ಲಿ ಕೊಂಚ ಆಚೆ, ಇನ್ನೊಂದರಲ್ಲಿ ಕೊಂಚ ಈಚೆ. ನಾನು ತಂದದ್ದು ನಾಲ್ಕನೇ ನಂಬರು, ಈ ಬೋರ್ಡು ಕೇಳುವುದು ಐದು. ತಪ್ಪಿ ಹಾಕಬಾರದು ಅಂತಲೇ ಕಚ್ಚನ್ನು ಬೇರೆ ಬೇರೆ ಕಡೆ ಇಟ್ಟಿರುತ್ತಾರಂತೆ. ಒಮ್ಮೆಗೇ ಅರ್ಥವಾಯಿತು. ಒಂದು ಮಿಷಿನ್ನಿನ ಕೆಳದಾರ ಸುತ್ತುವ ಬಾಬಿನ್ ಇನ್ನೊಂದರ ಪೆಟ್ಟಿಗೆಗೆ ಕೂರುತ್ತದೆಯೇ? ನೋಡಲು ಅವಳಿ ಮಕ್ಕಳ ಹಾಗಿರುತ್ತವೆ. ಒತ್ತಿ ಕೂರಿಸಿದರೆ ದಾರ ಕಿತ್ತುಹೋಗುತ್ತದೆ. ಮೂವತ್ತು ವರ್ಷ ಹೊಲಿದವಳು ನಾನು, ಇಷ್ಟು ತೋಚಲಿಲ್ಲ.

"ಅಂಗಡಿಯವನು ಐದು ಅಂತ ಹೇಳಿರಲಿಲ್ವಾ?" ಎಂದಳು.

ಹೇಳಿದ್ದ. ಈಗ ನೆನಪಾಗುತ್ತಿದೆ.

ಐದನೆಯದು ಎಲ್ಲೂ ಇಲ್ಲ, ನಾಲ್ಕು ತಿಂಗಳಾಯಿತು ಎಂದಳು. ಅವಳು ಸ್ವಲ್ಪ ಹೊತ್ತು ಸ್ಕ್ರೂಡ್ರೈವರಿನಿಂದ ಕಿವಿ ಕೆರೆದುಕೊಂಡು, ಮೇಜಿನ ಕೆಳಗೆ ಬಗ್ಗಿ ತನ್ನದೇ ಡಬ್ಬಿ ಬಿಚ್ಚಿದಳು. ಅದರಲ್ಲಿ ಜೋಡಿ ಇತ್ತು. ಒಂದನ್ನು ಕಿತ್ತಳು. "ನಂದು ಒಂದು ಕಾಲಲ್ಲಿ ಕುಂಟಲಿ ಬಿಡಿ. ನಿಮ್ಮಕ್ಕನಿಗೆ ಒಂದೇ ಸಾಕು." ಏನು ಕೊಡಲಿ ಎಂದರೆ ಹರಕು ಪ್ಲಾಸ್ಟಿಕ್ ತೋರಿಸಿ, ಒಂದು ಒಳ್ಳೆ ಪರದೆ ಹೊಲಿದುಕೊಡಿ ಟೇಲರಮ್ಮ ಎಂದಳು.

ಸ್ಪಿರಿಟ್ಟಿನಲ್ಲಿ ಬ್ರಷ್ ಅದ್ದಿ ಸೀಳನ್ನೆಲ್ಲ ತಿಕ್ಕಿ, ಒಣಗಿಸಿ, ಪಟ್ಟಿ ಕೂರಿಸಿದಳು. ಟಕ್ ಎಂದಿತು. ಒತ್ತಲೇ ಇಲ್ಲ ಅವಳು, ಬೆರಳಿಟ್ಟಳು ಅಷ್ಟೇ. ಸಂದಿಯಲ್ಲಿ ಕರೆಂಟು ಇರಲಿಲ್ಲ, ಹಚ್ಚಿ ನೋಡಲು ಆಗಲಿಲ್ಲ. ನಾನು ಡಬ್ಬಿ ಎತ್ತಿಕೊಂಡು ಹೊರಟಾಗ, "ಟೇಲರಮ್ಮ, ಮೊದಲನೇ ಸಲ ಆನ್ ಮಾಡಿದಾಗ..." ಎಂದು ಕೂಗಿದಳು. ಗೊತ್ತಾಯ್ತು ಎಂದು ಆಟೋ ಹತ್ತಿದೆ.

ಜೂನ್ 17, ಮಂಗಳವಾರ

ಹನ್ನೊಂದು ಸಲ.

ಫ್ಯಾನು ತಿರುಗುತ್ತದೆ. ಕೆಂಪು ದೀಪ ಹತ್ತುತ್ತದೆ. ಪರದೆ ಮಾತ್ರ ಕಪ್ಪು. ನೂರು ಎಣಿಸಿ ಆರಿಸಿದೆ. ಮತ್ತೆ ಹಚ್ಚಿ ದೇವರ ನಾಮ ನೂರೆಂಟು ಸಲ ಹೇಳಿ ಆರಿಸಿದೆ. ಬೆಳಿಗ್ಗೆಯಿಂದ ಹನ್ನೊಂದು ಸಲ. ಸ್ಕ್ರೂ ಅಮ್ಮನ ಫೋನ್ ನಂಬರು ತೆಗೆದುಕೊಂಡಿದ್ದರೆ ಆಗುತ್ತಿತ್ತು, ಅದನ್ನೂ ಕೇಳದೆ ಬಂದೆ. ಅಜ್ಜಿಗೆ ಜ್ವರ, ಅಕ್ಕನ ಹತ್ತಿರ ಕೂರಲು ಯಾರೂ ಇಲ್ಲ. ಸಂದಿಯ ಕಡೆ ಹೋಗುವ ಹಾಗೂ ಇಲ್ಲ.

ಎಣ್ಣೆ ಬಿಟ್ಟು ನಾನೇ ಕೆಡಿಸಿದ್ದೇನೆ. ಬೇರೆ ಯಾರನ್ನು ದೂರಲಿ? ನನ್ನ ಕೈಯಾರೆ ಅಕ್ಕನ ಬಾಯಿ ಹೊಲಿದುಬಿಟ್ಟೆ. ನೆಲದ ಮೇಲೆ ಕೂತು ಅತ್ತೆ. ಒಂಬತ್ತು ದಿನದ ಉಪವಾಸ, ದಾರ ಸೂಜಿಗೆ ಏರುತ್ತಿಲ್ಲ. ದೇವರು ಕೇಳುತ್ತಿದ್ದಾನೋ ಇಲ್ಲವೋ ಅನ್ನಿಸಿತು. ಅಂಥ ಮಾತು ಈ ಮನಸ್ಸಿಗೆ ಯಾವತ್ತೂ ಬಂದದ್ದಿಲ್ಲ.

"ಆಗಲ್ಲ ಅಕ್ಕ. ನಾನೇ ಸಹಿ ಹಾಕ್ತೀನಿ" ಎಂದೆ.

ಅವಳ ಕಣ್ಣಿನಿಂದ ನೀರು ಇಳಿದು ಮುಖವಾಡದ ಅಂಚಿನಲ್ಲಿ ನಿಂತಿತು. ಒರೆಸಿದೆ. ಹೆದರಬೇಡ, ತೂತು ತುಂಬ ಸಣ್ಣದಂತೆ ಎಂದು ಸಮಾಧಾನ ಹೇಳಿದೆ. ಮತ್ತೂ ಇಳಿಯಿತು. ಒರೆಸುತ್ತಲೇ ಇದ್ದೆ.

ಜೂನ್ 18, ಬುಧವಾರ

ಬೆಳಿಗ್ಗೆ ಹನ್ನೆರಡನೇ ಸಲ ಹಚ್ಚಿ, ಆರಿಸಲು ಕೈ ಚಾಚಿದ್ದೆ. ಬಾಗಿಲಲ್ಲಿ ಸ್ಕ್ರೂ ಅಮ್ಮ. ತನ್ನ ಅಂಗಡಿಯ ಪರದೆಗೆ ಅಳತೆ ಕೊಡಲು ಬಂದಿದ್ದಳು, ಆಟೋದವನನ್ನು ಕೇಳಿ ಮನೆ ಹುಡುಕಿದ್ದಾಳೆ. ಚಪ್ಪಲಿ ಬಿಡುವ ಮೊದಲೇ ಓಡಿಬಂದು ನನ್ನ ಮಣಿಕಟ್ಟು ಹಿಡಿದಳು.

"ಮುಟ್ಟಬೇಡಿ. ಕಾಯಿರಿ."

"ನಿನ್ನೆಯಿಂದ ಕಾದೆ ಕಣಮ್ಮ. ಹನ್ನೊಂದು ಸಲ."

"ಹನ್ನೊಂದು ಸಲ ಕಾದಿಲ್ಲ ನೀವು, ಹನ್ನೊಂದು ಸಲ ಆರಿಸಿದ್ದೀರಿ. ಹೊಸ ಬೋರ್ಡು, ಹೊಸ ಪಟ್ಟಿ. ಮೊದಲನೇ ಸಲ ಒಂದಕ್ಕೊಂದು ಪರಿಚಯ ಮಾಡ್ಕೋಬೇಕು. ಎಷ್ಟು ಜೋರಾಗಿ ಮಾತಾಡಿದ್ರೆ ಕೇಳಿಸುತ್ತೆ, ಎಷ್ಟು ಮೆಲ್ಲಗೆ ಅಂತ ಬೋರ್ಡು ಒಂದೊಂದಾಗಿ ನೋಡುತ್ತೆ. ಹತ್ತು ನಿಮಿಷ ಬೇಕಾದ್ರೂ ಹಿಡಿಯುತ್ತೆ. ಮಧ್ಯದಲ್ಲಿ ಆರಿಸಿದ್ರೆ ಮತ್ತೆ ಮೊದಲಿಂದ. ಅದು ಬಾಯಿ ತೆಗೆಯೋ ಹೊತ್ತಿಗೆ ಸರಿಯಾಗಿ ನೀವು ಮುಚ್ಚಿಸ್ತಾ ಬಂದಿದ್ದೀರಿ. ಅದನ್ನೇ ಹೇಳೋಕೆ ಮೊನ್ನೆ ಕೂಗಿದ್ದು."

ಅಂಗಡಿಯವನೂ ಅದನ್ನೇ ಹೇಳಲು ಹೊರಟಿದ್ದ.

ನನ್ನ ಕೈ ಸುಮ್ಮನಿರುವುದಿಲ್ಲವೆಂದು ಅವಳು ಹೊಲಿಗೆ ತಂದು ಕೊಟ್ಟಳು. ಒಂದು ಲಂಗದ ಅಂಚು ಮಡಿಸಿ ಹೊಲಿಯುತ್ತ ಕೂತೆ. ಅರ್ಧ ಸುತ್ತು ಆಯಿತು. ಕಪ್ಪು. ಮುಕ್ಕಾಲು ಆಯಿತು. ಕಪ್ಪು. ನಾನು ಏಳಲು ಹೋದಾಗ ಅವಳು ಮಾತಿಲ್ಲದೆ ನನ್ನ ಸೆರಗು ಹಿಡಿದಳು. ಅಂಚಿನ ಕೊನೆಗೆ ಗಂಟು ಹಾಕಿ ದಾರ ಕಚ್ಚುತ್ತಿದ್ದಾಗ ಕೋಣೆ ಬೆಳಗಿತು.

ಕ್ಯಾಮೆರಾ ಸಿಕ್ಕಿಸಿ ಪರದೆಯನ್ನು ಅಕ್ಕನ ಮುಂದೆ ಸರಿಸಿದೆವು. ಪರದೆಯ ಮೇಲೆ ಅವಳ ಎರಡು ಕಣ್ಣಿನ ಗುರುತು ಹಸಿರಾಗಿ ಬಂದು ನಿಂತವು. ಹನ್ನೊಂದು ದಿನದ ಮೇಲೆ.

ಮೊದಲನೇ ಅಕ್ಷರ 'ಸು' ಬಿತ್ತು.

"ಸುಸ್ತಾಗಿದೆಯಾ ಅಕ್ಕ? ಮಲಗ್ತೀಯಾ? ಗೊತ್ತಾಯ್ತು ಬಿಡು, ನಾಳೆ..."

ಅವಳು ನಿಲ್ಲಿಸಲಿಲ್ಲ. ಒಂದೊಂದಾಗಿ ಬಂತು. ಕೊನೆಗೆ ಚುಕ್ಕಿಯೂ ಬಿತ್ತು.

ಸುಮ್ಮನಿರು.

ಸ್ಕ್ರೂ ಅಮ್ಮ ಗೋಡೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಅಕ್ಕನ ಕಣ್ಣೂ ನಗುತ್ತಿತ್ತು, ಈ ಸಲ ಕೇಳದೆಯೇ ತಿಳಿಯಿತು. ಅಮ್ಮ ತೀರಿಕೊಂಡ ಮೇಲೆ ಅವಳು ನನಗೆ ತಲೆ ಬಾಚುತ್ತಿದ್ದಳು. ನಾನು ಬಾಯಿ ಮುಚ್ಚುತ್ತಿರಲಿಲ್ಲ. ಆಗ ಬಾಚಣಿಗೆಯಿಂದ ನೆತ್ತಿಗೆ ಒಂದು ಕುಟ್ಟಿ ಇದೇ ಮಾತು ಹೇಳುತ್ತಿದ್ದಳು.

ಆಮೇಲೆ ಅವಳು ಏನೂ ಬರೆಯಲಿಲ್ಲ. ನಾನೂ ಕೇಳಲಿಲ್ಲ. ಸಂಜೆಯವರೆಗೆ ಪರದೆ ಹೊಲಿದೆ.

ಜೂನ್ 19, ಗುರುವಾರ

ಇವತ್ತು ಉಪವಾಸ ಇಲ್ಲ. ನೆಲ ಒರೆಸಿ, ದೀಪ ಹಚ್ಚಿ, ಕೈ ಮುಗಿದು ನಿಂತೆ. ಏನು ಕೇಳಿಕೊಳ್ಳಬೇಕೆಂದು ತಿಳಿಯಲಿಲ್ಲ. ಉಪವಾಸ ಮಾಡಿದರೆ ಏನಾದರೊಂದು ಕೇಳಬೇಕಲ್ಲ. ಎರಡು ತುತ್ತು ಉಂಡೆ. ಅಕ್ಕ ನೋಡುತ್ತಿದ್ದಳು.

ಹತ್ತು ಗಂಟೆಗೆ ನರ್ಸ್ ಬಂದರು. ಅಕ್ಕನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ತೂತು ಮಾಡಿದರೆ ಏನೇನಾಗುತ್ತದೆ, ಮಾಡದಿದ್ದರೆ ಏನೇನಾಗುತ್ತದೆ ಎಂದು ನಿಧಾನವಾಗಿ ಹೇಳಿದರು. ಕೆಲವನ್ನು ನಾನೂ ಇವತ್ತೇ ಕೇಳಿದ್ದು. ಮಾತು ಮುಗಿಸಿ ಅವರು ಪೆನ್ನಿನ ಮುಚ್ಚಳ ತೆಗೆದರು. ಅಕ್ಕನ ಕಣ್ಣು ಪರದೆಯ ಮೇಲೆ ಹೋಯಿತು. ಡಬ್ಬಿ ಸುಟ್ಟ ಆ ಶನಿವಾರ ಮುರಿದ ಸಾಲನ್ನೇ ಮತ್ತೆ ಮೊದಲಿನಿಂದ ಹಿಡಿದಳು. ಡಾಕ್ಟರಿಗೆ ಹೇಳು, ನಾನು ಯೋಚನೆ ಮಾಡಿ. ಅಲ್ಲಿಗೆ ಬರುವಷ್ಟರಲ್ಲಿ ನನ್ನ ಬಾಯಿ ತಾನಾಗಿಯೇ ತೆರೆದಿತ್ತು. ಸೆರಗು ತುರುಕಿಕೊಂಡು ಹೊರಗೆ ಬಂದುಬಿಟ್ಟೆ.

ಈಗ ಮೆಟ್ಟಿಲ ಮೇಲೆ ಕೂತಿದ್ದೇನೆ. ಬಾಗಿಲು ಹಾಕಿದೆ. ಫ್ಯಾನಿನ ಸದ್ದು ಮಾತ್ರ ಕೇಳಿಸುತ್ತಿದೆ. ಒಂದು ಕಾಲರ್ ಕೂರಿಸುವಷ್ಟು ಹೊತ್ತಾಯಿತು, ಎರಡು ಕೂರಿಸುವಷ್ಟೂ ಆಯಿತು. ಜ್ವರ ಬಿಟ್ಟ ಅಜ್ಜಿ ಕೆಳಗಿನಿಂದ ಏರಿ ಬರುತ್ತಿದ್ದಾಳೆ. ಅವಳ ಕೈಯಲ್ಲಿ ಒಳಗೆ ಕಳಿಸಲು ಈ ಹಾಳೆಯ ಕೆಳಗಿನ ಅರ್ಧ ಹರಿಯುತ್ತೇನೆ. ನಾನೇ ಹೋದರೆ ಮಾತಾಡಿಬಿಡುತ್ತೇನೆ.

ನರ್ಸಮ್ಮ, ಅವಳು ನಡುವೆ ಕಣ್ಣು ಮುಚ್ಚಿದರೆ ಕಾಯಿರಿ. ಏನು ಬರೆಯಲು ಹೊರಟಿದ್ದಾಳೆ ಅಂತ ಗೊತ್ತಾದ ಹಾಗೆ ಅನ್ನಿಸಿದರೂ ಕಾಯಿರಿ. ಅಕ್ಕ ಪೂರ್ಣವಿರಾಮ ಇಡುತ್ತಾಳೆ, ಅದು ಬೀಳುವವರೆಗೆ ಏಳಬೇಡಿ. ಆಮೇಲೆ ಅವಳು ಬರೆದದ್ದನ್ನು ಬರೆದ ಹಾಗೇ ಒಂದು ಚೀಟಿಯಲ್ಲಿ ಇಳಿಸಿಕೊಳ್ಳಿ. ನಾನು ಮೆಟ್ಟಿಲ ಮೇಲೆ ಇದ್ದೇನೆ. ಅವಳ ಉತ್ತರ ನನಗೆ ಇಲ್ಲಿಗೆ ತಂದುಕೊಡಿ.